ಮಗ್ಗದ ಗಂಟಲು

ನವೆಂಬರ್ 12, ಬುಧವಾರ

ಇಲ್ಲ ಮೇಘನ ಮೇಡಂ, ನಾನು ಕೂಗಾಡ್ಲಿಲ್ಲ. ನನ್ ಮಾತೇ ಹಂಗೆ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಪಕ್ಕ ಬೆಳೆದೋರೆಲ್ಲ ಹಿಂಗೇ ಮಾತಾಡೋದು.

ಇವತ್ತು ಮೀಟಿಂಗ್ ಮುಗಿದ ಮೇಲೆ ಮೇಡಂ "ಯಾಕೋ ಕೂಗಾಡ್ತೀಯ?" ಅಂದಾಗ ಇಷ್ಟು ಹೇಳಬೇಕಿತ್ತು, ಹೇಳಲಿಲ್ಲ.

ಅವರ ಫೋಟೋ ಸ್ಟುಡಿಯೋದಲ್ಲಿ ಯಾವ ಸೀರೆಯ ಶೂಟಿಂಗ್ ಯಾವತ್ತು, ಮಾಡೆಲ್ ಯಾರು, ಲೈಟು ಎಲ್ಲಿಂದ ಬರಬೇಕು, ಎಲ್ಲ ನಾಲ್ಕು ವರ್ಷದಿಂದ ನಾನೇ ನೋಡಿಕೊಳ್ಳುವುದು. ಇವತ್ತು ಆನ್‌ಲೈನ್ ಮೀಟಿಂಗಿನಲ್ಲಿ ಕ್ಲೈಂಟ್ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವನೂ ನಾನೇ. ಪಕ್ಕದಲ್ಲಿ ಕೂತು ನಾನು ಬಾಯಿ ತೆಗೆದಾಗಲೆಲ್ಲ ಮೇಡಂ ಲ್ಯಾಪ್‌ಟಾಪಿನ ಮೈಕ್ ಆಫ್ ಮಾಡುತ್ತಿದ್ದರು. ಆಮೇಲೆ ಆನ್ ಮಾಡಿ, ನಾನು ಹೇಳಿದ್ದನ್ನೇ ಮೆಲ್ಲಗೆ ಹೇಳುತ್ತಿದ್ದರು. ಕ್ಲೈಂಟ್ ಖುಷಿಯಾದರು.

"ಇನ್ಮೇಲೆ ನೀನೇ ಆಪರೇಷನ್ಸ್ ಮ್ಯಾನೇಜರ್ ಕಣೋ," ಅಂದರು ಮೇಡಂ. "ಕ್ಲೈಂಟ್ ಮುಂದೆ ಮಾತ್ರ ಮಾತಾಡ್ಬೇಡ."

ಖುಷಿಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. "ಸರಿ ಮೇಡಂ," ಅಂದೆ. ಅದನ್ನೂ ಮೆಲ್ಲಗೇ ಅಂದೆ.

ಮನೆಗೆ ಬಂದಾಗ ಅಮ್ಮ ಕಿವಿಗಡಚಿಕ್ಕುವಂತೆ ಓಡುತ್ತಿದ್ದ ಮಗ್ಗದ ಮುಂದೆ ನಿಂತಿದ್ದಳು.

"ಅಮ್ಮ, ಮ್ಯಾನೇಜರ್ ಆದೆ."

"ಏನ್ಲಾ? ಕೇಳಿಸ್ತಿಲ್ಲ, ಜೋರಾಗ್ ಹೇಳು!"

ಇನ್ನೊಂದು ಸಲ ಹೇಳಿದೆ. ದನಿ ಮೇಲೇಳಲೇ ಇಲ್ಲ.

"ಬಾಯಲ್ಲೇನ್ ಇಟ್ಕೊಂಡಿದೀಯಾ?" ಅಂತ ನಕ್ಕಳು.

ಏನೂ ಇಲ್ಲ ಅಂತ ಕೈಯಾಡಿಸಿ ಹೊರಗೆ ಬಂದು, ಮೈಕ್ ಆಫ್ ಮಾಡಿದ ಹಾಗೆ, ಮಗ್ಗದ ಸದ್ದಿನ ಮೇಲೆ ಬಾಗಿಲು ಹಾಕಿದೆ.