ಏಳು ದಿನದ ನೀರು

ಸೆಪ್ಟೆಂಬರ್ ೨೪, ೧೯೬೩

ಪ್ರೀತಿಯ ತಂಗಿ ಮಸಾಯೆಗೆ,

ನಿನ್ನ ಅಕ್ಕ ಕಿನುಯೊ ಮಾಡುವ ಆಶೀರ್ವಾದ. ಒಸಾಕಾದಲ್ಲಿ ಸೆಕೆ ಇಳಿಯಿತೇ? ಇಲ್ಲಿ ಭತ್ತ ತಲೆಬಾಗಿದೆ. ಹಿರಿಯರನ್ನು ನೆನೆಯುವ ಹಿಗನ್ ವಾರ ನಡೆಯುತ್ತಿದೆ. ಗದ್ದೆಯ ಬದುಗಳ ಮೇಲೆಲ್ಲ ಕೆಂಪು ಹಿಗನ್ ಹೂ. ಹಿರಿಯರಿಗೆ ಎಡೆಯಿಡುವ ಓಹಾಗಿ ಸಿಹಿ ಉಂಡೆ ಮಾಡಿದ್ದೆ, ತಿನ್ನುವವರಿಲ್ಲ.

ಸುತ್ತಿ ಬಳಸಿ ಬರೆಯಲಾರೆ. ಅಮ್ಮನ ಕಾಯಿಲೆ ಕೈಮೀರಿದೆ. ಒಳಕೋಣೆಯಲ್ಲಿ ಮಲಗಿ ನಿನ್ನನ್ನೇ ಕೇಳುತ್ತಾಳೆ. ಹನ್ನೆರಡು ವರ್ಷದಿಂದ ನೀನು ಈ ಹೊಸ್ತಿಲು ತುಳಿದಿಲ್ಲ. ನಮ್ಮ ಪುಟ್ಟ ತಂಗಿ ಹರುಯೆಯನ್ನು ಕೊಂದ ಕೈಯಿಂದ ಒಂದು ತುತ್ತೂ ಬೇಡ ಎಂದು ಹೋದವಳು ನೀನು. ಆ ಕೈ ಅಮ್ಮನದಲ್ಲ, ಮಸಾ.

ಯುದ್ಧ ಮುಗಿದ ಆ ಶರತ್ಕಾಲ ನಿನಗೆ ನೆನಪಿರಬೇಕು, ಆಗ ನೀನು ಒಂಬತ್ತು ವರ್ಷದವಳು. ಮನೆಯಲ್ಲಿ ಒಂದು ಹಿಡಿ ಧಾನ್ಯ ಇರಲಿಲ್ಲ. ಅಮ್ಮ ಬದುವಿನಿಂದ ಹಿಗನ್ ಹೂವಿನ ಗಡ್ಡೆ ಅಗೆದು, ತುರಿದು, ಬಟ್ಟೆಯಲ್ಲಿ ಕಟ್ಟಿ ತೊಟ್ಟಿಗೆ ಹಾಕಿದಳು. ಏಳು ದಿನ ನೀರು ಬದಲಿಸಿದರೆ ವಿಷ ಹೋಗುತ್ತದೆ ಎನ್ನುವುದು ಇಲ್ಲಿ ಹಸುಗೂಸಿಗೂ ಗೊತ್ತು. ಕೆಳಗಿನ ಹಳ್ಳದಿಂದ ನೀರು ತರುವ ಕೆಲಸ ನನ್ನದಾಗಿತ್ತು. ನನ್ನ ಹಿಮ್ಮಡಿ ಒಡೆದಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಕೊನೆಯ ಒಂದು ದಿನ ನಾನು ಇಳಿಯಲೇ ಇಲ್ಲ. ಬದಲಿಸಿದೆ ಎಂದು ಸುಳ್ಳು ಹೇಳಿದೆ.

ಈ ಸಾಲು ಬರೆಯುತ್ತಿರುವಾಗಲೇ ಅಮ್ಮ ಒಳಗಿನಿಂದ ಮಾತಾಡಿದಳು. “ಎರಡು ದಿನ ಅಂತ ಬರಿ, ಕಿನು. ನೀರು ತರೋ ಮರದ ಬಕೆಟ್ ತಳ ಒಣಗಿ ಬಿರುಕು ಬಿಟ್ಟಿತ್ತು. ಮಗು ಹೋದ ದಿನಾನೇ ನೋಡಿದ್ದೆ.”

ಹೌದು, ಎರಡು ದಿನ. ಆ ಗಡ್ಡೆಯ ಹಿಟ್ಟಿನ ಉಂಡೆ ತಿಂದು ನಾವೆಲ್ಲ ವಾಂತಿ ಮಾಡಿಕೊಂಡು ಎದ್ದೆವು. ಮೂರು ವರ್ಷದ ಹರುಯೆ ಏಳಲಿಲ್ಲ. ನೀರು ಬದಲಿಸುವುದನ್ನು ಮರೆತವಳು ತಾನೇ ಎಂದು ಅಮ್ಮ ಊರಿಗೆಲ್ಲ ಹೇಳಿದಳು. ನಾನು ಅವಳ ಬೆನ್ನ ಹಿಂದೆ ನಿಂತು ಕೇಳಿಸಿಕೊಂಡೆ. ಯಾಕಮ್ಮಾ ಸುಮ್ಮನಿದ್ದೆ ಎಂದು ಇವತ್ತು ಕೇಳಿದೆ. “ಹದಿಮೂರರ ಹುಡುಗಿ, ಅಷ್ಟು ಭಾರ ಎಲ್ಲಿ ಹೊರ್ತಿದ್ದೆ ನೀನು,” ಎಂದಳು, ಅಷ್ಟೇ.

ಇನ್ನೊಂದು ಮಾತು. ಹೆಗ್ಗಣ ಬರದಿರಲೆಂದು ಗುಡ್ಡದಲ್ಲಿರುವ ಹರುಯೆಯ ಗೋರಿಯ ಮೇಲೆ ಮೂರು ಗಡ್ಡೆ ನೆಟ್ಟವಳು ನಾನು. ಈ ಹೂ ಬೀಜ ಕಟ್ಟುವುದಿಲ್ಲ, ಯಾರಾದರೂ ನೆಟ್ಟರೆ ಮಾತ್ರ ಇನ್ನೊಂದೆಡೆ ಹುಟ್ಟುತ್ತದೆ. ಆದರೂ ಅದು ಗುಡ್ಡದಿಂದ ಸಾಲು ಹಿಡಿದು ವರ್ಷವರ್ಷವೂ ಕೆಳಗೆ ಬರುತ್ತಿದೆ. ನಿಮ್ಮನೆ ಹೂವಿಗೆ ಕಾಲು ಬಂದಿದೆ ಕಣೆ ಎಂದು ಪಕ್ಕದ ಮನೆಯ ತೊರಾ ಅಜ್ಜಿ ನಗುತ್ತಿದ್ದಳು. ಹೋದ ವರ್ಷ ಬಾವಿಯ ಹತ್ತಿರ ಅರಳಿದಾಗ ನಗು ನಿಲ್ಲಿಸಿದಳು. ಈ ಸಲ ಜಗಲಿಯ ಕಲ್ಲಿಗೆ ತಾಗಿಕೊಂಡೇ ಮೂರು ಹೂ ಎದ್ದಿವೆ. ಕೀಳಲು ನನಗೆ ಧೈರ್ಯವಿಲ್ಲ. ಒಳಗೆ ತಂದರೆ ಮನೆಗೆ ಬೆಂಕಿ ಬೀಳುತ್ತದೆ ಎನ್ನುತ್ತಾರೆ, ತಾನಾಗಿ ಒಳಗೆ ಬಂದರೆ ಏನಾಗುತ್ತದೆ ಎಂದು ಯಾರೂ ಹೇಳಿಲ್ಲ. ನನಗೆ ಹೆದರಿಕೆಯಾಗುತ್ತದೆ, ಮಸಾ.

ನನ್ನ ಮುಖ ನೋಡುವುದು ಬೇಡವೆಂದರೆ ತೊರಾ ಅಜ್ಜಿಯ ಮನೆಗೆ ಹೋಗಿರುತ್ತೇನೆ. ನೀನು ಬಂದು ಅಮ್ಮನ ಪಕ್ಕ ಒಂದು ಗಳಿಗೆ ಕೂತು, ಅಮ್ಮಾ ಎಂದು ಕರೆದರೆ ಸಾಕು.

ಕ್ಷಮೆ ಕೇಳುವ ಮುಖವಿಲ್ಲದ,
ನಿನ್ನ ಅಕ್ಕ
ಕಿನುಯೊ

ತಾ.ಕ.: ಸುಳ್ಳು ನನ್ನನ್ನು ಇನ್ನೂ ಬಿಟ್ಟಿಲ್ಲ. ಅಮ್ಮ ಹಿಗನ್ನಿನ ಮೊದಲ ದಿನವೇ ಹೋದಳು. ಹರುಯೆಯ ಪಕ್ಕದಲ್ಲಿ ಮಣ್ಣು ಮಾಡಿ ಎರಡು ದಿನವಾಯಿತು. ಬದುಕಿದ್ದವಳನ್ನು ನೋಡಲು ಬಾರದ ನೀನು ಸತ್ತವಳಿಗಾಗಿ ಬರುವೆಯೋ ಇಲ್ಲವೋ ಎಂಬ ಭಯಕ್ಕೆ ಕಾಯಿಲೆ ಎಂದು ಬರೆದೆ. ಅದೊಂದೇ ಸುಳ್ಳು. ಎರಡು ದಿನ ಅಂತ ಬರಿ ಎಂದು ಅವಳು ಹೇಳಿದ್ದು ನಿಜ. ಈಗ ಲಕೋಟೆ ಅಂಟಿಸುತ್ತಿದ್ದೇನೆ, ಒಳಕೋಣೆಯಿಂದ ಮತ್ತೆ ಕೇಳುತ್ತಿದ್ದಾಳೆ, “ಮಸಾ ಬರ್ತಾಳಂತಾ?” ನಾನು ಏನು ಹೇಳಲಿ?