ಸಾವಿರಾರು ಜನರ ಸರಾಸರಿ

ಮಾರ್ಚ್ ೩, ಸೋಮವಾರ

ಮತ್ತೆ ಲ್ಯಾಬಿನ ಯಂತ್ರದ ಹಟ. ಎರಡನೇ ಸಲ ಓಡಿಸಿದ ಮೇಲೆ ಒಪ್ಪಿತು. "ಮೇಡಂ, ಇದು ನೀವು ಬೈದ್ರೆ ಮಾತ್ರ ಕೆಲಸ ಮಾಡೋದು" ಎಂದಳು ಟೆಕ್ನಿಷಿಯನ್. ಟ್ರೇ ತುಂಬ ಗರ್ಭಿಣಿಯರ ರಕ್ತ. ಊಟದ ಹೊತ್ತಿಗೆ ಎರಡು ಕವಿತೆ ಓದಿದೆ. ಮೂರನೆಯದಕ್ಕೆ ಫೋನ್ — ಗುಬ್ಬಿ, ತಂಗಿಯ ಮಗಳು. ಮೂರು ತಿಂಗಳ ಬಸುರಿ ಈಗ.

"ದೊಡ್ಡಮ್ಮ, ನನ್ನ ರಕ್ತ ನಿಮ್ಮ ಲ್ಯಾಬಿಗೇ ಬರುತ್ತಂತೆ. ಚೆನ್ನಾಗಿ ನೋಡ್ಕೊಳ್ಳಿ ಅದನ್ನ."

ಮಾರ್ಚ್ ೬, ಸಂಜೆ

ಗುಬ್ಬಿಯ ರಕ್ತ ಬಂತು. ಪ್ರೋಟೀನ್ ಪರವಾಗಿಲ್ಲ. ಹಾರ್ಮೋನ್ ಹೆಚ್ಚು. ಕಂಪ್ಯೂಟರ್ "ಹೈ ರಿಸ್ಕ್" ಅಂದಿತು. ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು — ಬರೀ ಇರಬಹುದು. ಮುಂದೆ ಗರ್ಭದ ನೀರು ಪರೀಕ್ಷಿಸಿದರೇ ಖಚಿತ.

ಫೋನಿನಲ್ಲಿ ಹೇಳಿದಾಗ ಗುಬ್ಬಿ ಅತ್ತಳು. ಸಮಾಧಾನ ಮಾಡಲು ಹೋದೆ. "ಹೆದರಬೇಡ ಕಣೇ. ಹೆಣ್ಣು ಮಗು ಇದ್ರೂ ಈ ಹಾರ್ಮೋನ್ ಸ್ವಲ್ಪ ಜಾಸ್ತಿ ಇರುತ್ತೆ. ಎಷ್ಟೋ ಸಲ ಸುಮ್ಸುಮ್ನೆ ಹೀಗೆ ತೋರಿಸುತ್ತೆ."

ಅಳು ನಿಂತಿತು. ಫೋನ್ ಸ್ಪೀಕರಿನಲ್ಲಿತ್ತು. ಅವಳ ಗಂಡನ ದನಿ: "ಹಾಗಾದ್ರೆ ಹೆಣ್ಣು ಅನ್ನಿ, ಅತ್ತೆ."

"ಹಾಗಲ್ಲಪ್ಪ. ಅದು ಸಾವಿರಾರು ಜನರ ಸರಾಸರಿ. ಒಬ್ಬರ ರಕ್ತ ನೋಡಿ ಹೇಳೋಕಾಗಲ್ಲ."

"ಗೊತ್ತಾಯ್ತು ಬಿಡಿ. ನೀವು ಬಾಯಿಬಿಟ್ಟು ಹೇಳೋ ಹಾಗಿಲ್ಲ." ನಕ್ಕ.

ಹುಟ್ಟುವ ಮೊದಲು ಗಂಡೋ ಹೆಣ್ಣೋ ಹೇಳುವುದು ಅಪರಾಧ — ನನ್ನ ಬಾಗಿಲ ಮೇಲೆಯೇ ಬೋರ್ಡಿದೆ. ಅವರಿಗೆ ಆಗಲೇ ಎರಡು ಹೆಣ್ಣು.

ಮಾರ್ಚ್ ೭

ಮತ್ತೆ ಮತ್ತೆ ಬಿಡಿಸಿ ಹೇಳಿದೆ. ನಾನು ಅಲ್ಲ ಎಂದಷ್ಟೂ ಅವನಿಗೆ ಹೌದೆಂದೇ ಕೇಳಿಸಿತು. ಕವಿತೆಯಲ್ಲಿ "ಬಹುಶಃ" ಎಂಬ ಮಾತಿಗೆ ಎಷ್ಟು ಜಾಗ... ಆ ಮನೆಯಲ್ಲಿ ಅದಕ್ಕೆ ಕೂರಲೊಂದು ಕುರ್ಚಿಯೂ ಇಲ್ಲ.

ಮಾರ್ಚ್ ೧೯

ತಂಗಿ ಬಂದಿದ್ದಳು. ಚಹಾ ಮುಟ್ಟಲಿಲ್ಲ.

"ನೀರಿನ ಪರೀಕ್ಷೆ ಬೇಡವಂತೆ ಅಕ್ಕ. ಮಗು ಸರಿ ಇಲ್ಲ ಅಂತ ನಿನ್ನ ರಿಪೋರ್ಟೇ ತೋರಿಸಿ ತೆಗೆಸ್ತಾರಂತೆ."

"ಗುಬ್ಬಿ ಏನಂತಾಳೆ?"

"ಅವಳನ್ನ ಯಾರು ಕೇಳಿದ್ರು?"

ಗುಬ್ಬಿಯ ಡಾಕ್ಟರಿಗೆ ಫೋನ್ ಮಾಡಿದೆ. "ನನ್ನ ಹತ್ರ ಬಂದ್ರೆ ತಡೀತೀನಿ ಮೇಡಂ. ಬೇರೆ ಕಡೆ ಹೋದ್ರೆ?"

ರಿಪೋರ್ಟಿನ ಕೆಳಗೆ ನನ್ನ ಸಹಿ. ತಿದ್ದೋಣವೆಂದರೆ ಅದರಲ್ಲಿ ಒಂದು ಅಂಕಿಯೂ ತಪ್ಪಿಲ್ಲ.

ಮಾರ್ಚ್ ೨೧, ಬೆಳಿಗ್ಗೆ

ಗುಬ್ಬಿಯ ಪಿಸುದನಿ. "ದೊಡ್ಡಮ್ಮ, ತೆಗೆಸೋಕೆ ನನ್ನನ್ನ ಕರ್ಕೊಂಡು ಹೊರಡ್ತಿದ್ದಾರೆ. ಗಂಡು ಅಂದುಬಿಡಿ. ನೀವು ಹೇಳಿದ್ರೆ ನಂಬ್ತಾರೆ."

ಗಂಡನಿಗೆ ಫೋನ್ ಕೊಡು ಅಂದೆ. ಹೇಳಿದೆ. ಗಂಡು. ಇಷ್ಟು ವರ್ಷದಲ್ಲಿ ಯಾರಿಗೂ ಹೇಳದ ಮಾತು.

ಅದೇ ನಗು. "ಮೊದಲು ಬಾಯಿಗೆ ಬಂದದ್ದೇ ನಿಜ ಅತ್ತೆ. ಈಗ ಬದಲಾಯಿಸಬೇಡಿ."

ಕಾರಿನ ಬಾಗಿಲು ಹಾಕಿದ ಸದ್ದು.

ಮತ್ತೆ ಫೋನ್ ಮಾಡುತ್ತಿದ್ದೇನೆ. ರಿಂಗ್ ಆಗುತ್ತಲೇ ಇದೆ. ಎತ್ತಿದರೆ ಏನಂತ ಹೇಳ—