ಬುಲೆಟ್ಟಿನ ಹಿಂದಿನ ಸೀಟು

ನವೆಂಬರ್ 9, ಭಾನುವಾರ

ಇವತ್ತೂ ಅದೇ ತಪ್ಪು. ಎದುರಿಗೆ ಹಸು ಬಂತು, ಎಡಗೈ ಒತ್ತಿದೆ. ಸ್ಕೂಟಿಯಲ್ಲಿ ಎಡಗೈ ಅಂದರೆ ಬ್ರೇಕ್. ಬುಲೆಟ್ಟಿನಲ್ಲಿ ಕ್ಲಚ್. ಗಾಡಿ ನಿಲ್ಲುವ ಬದಲು ಸಲೀಸಾಗಿ ಮುಂದಕ್ಕೆ ಓಡಿತು. ಹಸು ತಪ್ಪಿತು, ದಾಸಪ್ಪನವರ ಹಿಪ್ಪುನೇರಳೆ ತೋಟ ತಪ್ಪಲಿಲ್ಲ. ಮೊಣಕೈ ತರಚಿದೆ.

ಇವರು ಬದುವಿನ ಮೇಲೆ ನಿಂತು ಕೂಗಿದರು. “ಬ್ರೇಕು ಎಡಗಾಲಲ್ಲಿ ಕಣೇ! ಬಲಗಾಲಲ್ಲಿ ಗೇರು! ಎಷ್ಟ್ ಸಲ ಬಡ್ಕೊಳ್ಳಿ ನಿಂಗೆ?”

“ನೀವು ಬಡ್ಕೊಂಡಷ್ಟೂ ನಂಗೆ ಕೈ ಯಾವ್ದು ಕಾಲ್ ಯಾವ್ದು ಅಂತ್ಲೇ ಗೊತ್ತಾಗಾಕಿಲ್ಲ. ಒಸಿ ಸುಮ್ಕಿರಿ.”

ಸಿಟ್ಟು ಬಂದಿತ್ತು. ಆಮೇಲೆ ಪಾಪ ಅನಿಸಿತು. ಇಪ್ಪತ್ತು ವರ್ಷದ ಮೇಲೆ ಬಸ್ ಓಡಿಸಿದವರು. ಏಪ್ರಿಲ್‌ನಲ್ಲಿ ಡಿಪೋದಲ್ಲೇ ಫಿಟ್ಸ್ ಬಂದು ಬಿದ್ದರು. ಕಬ್ಬಿಣ ಹಿಡಿಸಬೇಕು ಅಂತ ಯಾರೋ ಸ್ಪ್ಯಾನರ್ ತಂದು ಕೈಗೆ ತುರುಕಿದರಂತೆ. ಜೂನ್‌ನಲ್ಲಿ ಇನ್ನೊಂದು ಸಲ, ಮನೆಯಲ್ಲಿ. ಅಲ್ಲಿಗೆ ಸ್ಟೀರಿಂಗ್ ಋಣ ಮುಗಿಯಿತು. ಈಗ ಡಿಪೋ ಗೇಟಿನಲ್ಲಿ ಕೂರುವ ಕೆಲಸ. ಬೆಂಗಳೂರಿನ ಡಾಕ್ಟರು ಹೇಳಿದ್ದು ಇಷ್ಟು — ಗಾಡಿ ಓಡಿಸಲೇಬೇಡಿ. ಜನವರಿ ತನಕ ಫಿಟ್ಸ್ ಬರದಿದ್ದರೆ ಬೈಕಿನ ಹಿಂದೆ ಕೂತು ಹೋಗಬಹುದು.

ಹಿಂದೆ ಅಂದರೆ ಯಾರ ಹಿಂದೆ? ನನ್ನ ಹಿಂದೆ. ಕುದೂರಿನಿಂದ ನೇಪಾಳಕ್ಕೆ. ಅದೂ ನಮ್ಮ ಮಾವನ ಕಾಲದ ಬುಲೆಟ್ಟಿನಲ್ಲಿ. ಯಾವ ಬಾಯಲ್ಲಿ ಒಪ್ಪಿಕೊಂಡೆನೋ.

ನವೆಂಬರ್ 13

ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಹಾಲಿಗಿಂತ ನಮ್ಮ ಸುದ್ದಿಯೇ ಜಾಸ್ತಿ. “ಸೆಕ್ರೆಟ್ರಿ ಅಮ್ಮಾವ್ರು ಗಂಡನ್ನ ಹಿಂದ್ಗಡೆ ಕೂರುಸ್ಕೊಂಡು ದೇಶ ಸುತ್ತಾಕೆ ಹೊಂಟವ್ರೆ” ಅಂತ ದೊಡ್ಡಲಕ್ಷ್ಮಮ್ಮ ಕ್ಯೂನಲ್ಲಿ ನಿಂತು ನಕ್ಕಳು. ನಕ್ಕರೆ ನಗಲಿ. ನನಗೆ ಹೆದರಿಕೆ ಇರುವುದು ನಗುವವರದ್ದಲ್ಲ.

ಹಿಂದೆ ಕೂತವರಿಗೆ ಏನಾದರೂ ಆದರೆ ಮುಂದೆ ಇರುವ ನನಗೆ ಹೇಗೆ ಗೊತ್ತಾಗಬೇಕು? ಭಾರ ಕಡಿಮೆಯಾದಾಗ? ಛೆ, ಏನೇನು ಯೋಚನೆ.

ಸಾಯಂಕಾಲ ಕೇಳಿಯೇ ಬಿಟ್ಟೆ, ನೇಪಾಳವೇ ಯಾಕೆ ಆಗಬೇಕು, ಧರ್ಮಸ್ಥಳ ಸಾಲದೇ ಅಂತ. ಮ್ಯಾಪ್ ಮೇಲಿಂದ ತಲೆ ಎತ್ತಲಿಲ್ಲ. “ಇಷ್ಟ್ ವರ್ಷ ಬೆಳಗ್ಗೆ ಹೋದ ದಾರೀಲೇ ಸಂಜೆ ವಾಪಸ್ ಬಂದಿವ್ನಿ ಪದ್ಮ. ಒಂದ್ಸಲನಾದ್ರೂ ಹೋಯ್ತಾನೇ ಇರ್ಬೇಕು.”

ಹೆಂಚಿನ ಮೇಲಿನ ಚಪಾತಿ ಸೀದುಹೋಯಿತು.

ನವೆಂಬರ್ 23, ಭಾನುವಾರ

ರಾಮನಗರ. ಇಸ್ರಾರ್ ಗ್ಯಾರೇಜು. ಇವರ ಹಳೆಯ ಸ್ನೇಹಿತ, ಬುಲೆಟ್ ಡಾಕ್ಟರ್. ಕಿಕ್ ಹೊಡೆದಾಗೆಲ್ಲ ವಾಪಸ್ ಒದೆಯುತ್ತದೆ, ಪಾದ ಊದಿಕೊಂಡಿದೆ ಅಂದೆ.

“ಭಾಭಿ, ಇದ್ರ ಜೊತೆ ಜೋರು ಮಾಡ್ಬಾರ್ದು. ಮೆತ್ತಗೆ ತುಳೀರಿ. ಆಂಪಿಯರ್ ಮುಳ್ಳು ಮಧ್ಯಕ್ಕೆ ಬರ್ಲಿ. ಆವಾಗ ಒಂದೇ ಏಟು.”

ಮುಳ್ಳು ಮಧ್ಯಕ್ಕೆ ಬಂತು. ಒಂದೇ ಏಟು. ಡುಗ್ ಡುಗ್ ಅಂತು! ಅಯ್ಯೋ, ಅಲ್ಲೇ ಚಪ್ಪಾಳೆ ಹೊಡೆದುಬಿಟ್ಟೆ. ಇಸ್ರಾರ್ ಇವರ ಬೆನ್ನಿಗೆ ಗುದ್ದಿ “ಇನ್ನು ನೀನು ಹಿಂದಿನ ಸೀಟೇ ಕಣ್ಲಾ ದೇವ್ರಾಜು” ಅಂದ. ಇವರು ನಕ್ಕರು. ಪೂರ್ತಿ ನಗಲಿಲ್ಲ.

ಸಂಕ್ರಾಂತಿ ಮುಗಿಸಿ, ಜನವರಿ ಹದಿನೆಂಟಕ್ಕೆ ಹೊರಡುವುದು. ಅದರೊಳಗೆ ಡಾಕ್ಟರ ಒಪ್ಪಿಗೆ.

ಡಿಸೆಂಬರ್ 11, ಸಂಜೆ 7

ಈಗಲೇ ಬರೆದುಬಿಡುತ್ತೇನೆ.

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಅತ್ತೆ ಒಳಗೆ ಟಿವಿ ನೋಡುತ್ತಿದ್ದರು. ಇವರು ನೇಪಾಳದ ಪೋಖರಾದ ಕೆರೆ ಬಗ್ಗೆ ಹೇಳುತ್ತಾ ಹೇಳುತ್ತಾ ಮಾತು ನಿಂತಿತು. ಬೆರಳು ಮಾತ್ರ ನಿಲ್ಲಲಿಲ್ಲ. ಕೈಯಲ್ಲಿ ಕಾಯಿಯೇ ಇಲ್ಲ, ಬರೀ ಗಾಳಿಯನ್ನು ಸುಲಿಯುತ್ತಿದ್ದರು. “ರೀ” ಅಂದೆ. ನನ್ನನ್ನೇ ನೋಡುತ್ತಿದ್ದರು. “ರೀ, ಏನಾಯ್ತು?” ತುಟಿ ಚಪ್ಪರಿಸಿದರು. ಅಷ್ಟೇ.

ಎಷ್ಟು ಹೊತ್ತೋ. ಒಳಗೆ ಜಾಹೀರಾತು ಬಂದು ಹೋಗುವಷ್ಟು.

ಆಮೇಲೆ ಇನ್ನೊಂದು ಕಾಯಿ ತೆಗೆದುಕೊಂಡರು. “ಏನೇ ಹಂಗ್ ನೋಡ್ತಿದ್ದೀಯ? ಎಲ್ಲಿಗಂಟ ಹೇಳಿದ್ದೆ, ಕೆರೆ…” ಅಂದರು.

ಅವರಿಗೆ ಗೊತ್ತೇ ಇಲ್ಲ. ನನಗೊಬ್ಬಳಿಗೇ ಗೊತ್ತು.

ಡಿಸೆಂಬರ್ 12

ಹೇಳಲಿಲ್ಲ.

ಡಿಸೆಂಬರ್ 19

ಇವತ್ತೂ ಇಲ್ಲ. ಬೀಳಲಿಲ್ಲವಲ್ಲ, ನೊರೆ ಬರಲಿಲ್ಲವಲ್ಲ, ಅದು ಫಿಟ್ಸೇ ಅಲ್ಲವೇನೋ — ಹೀಗೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಊಟಕ್ಕೆ ಕೂತಾಗ ಅವರ ಬೆರಳು ನೋಡುತ್ತೇನೆ. ಮಾತಿನ ನಡುವೆ ಉಸಿರು ಎಳೆದುಕೊಂಡರೂ ತಟ್ಟೆ ಬಿಟ್ಟು ಏಳುತ್ತೇನೆ. “ಯಾಕೆ ಕಾವಲು ಕಾಯ್ತೀಯ ಪೋಲೀಸ್ನಂಗೆ?” ಅಂದರು.

ಅವರು ಬ್ಯಾಗು ತಂದಿದ್ದಾರೆ, ರೈನ್‌ಕೋಟು ತಂದಿದ್ದಾರೆ. ಹೇಳಿದರೆ ಎಲ್ಲ ಮುಗಿಯಿತು. ಹೇಳದಿದ್ದರೆ… ನಾಗಪುರದ ಆಚೆ ಯಾವುದೋ ಹೈವೇ, ಹಿಂದೆ ಲಾರಿ… ದೇವರೇ.

ಡಿಸೆಂಬರ್ 28, ಭಾನುವಾರ

ಒಬ್ಬಳೇ ಹೋಗಿದ್ದೆ. ಮಾಗಡಿ ದಾಟಿ ಸಾವನದುರ್ಗದ ರಸ್ತೆ. ಎಡಗೈ ತಪ್ಪಲಿಲ್ಲ, ಎಡಗಾಲು ತಾನಾಗಿಯೇ ಬ್ರೇಕಿಗೆ ಹೋಯಿತು. ನಾಲ್ಕನೇ ಗೇರಿನಲ್ಲಿ ಹುಣಸೆಮರಗಳ ಕೆಳಗೆ ಹೋಗುತ್ತಾ ಜೋರಾಗಿ ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ನಲವತ್ತಾರು ವರ್ಷಕ್ಕೆ ಹೀಗೆ ಕೂಗಿದ್ದು ಇದೇ ಮೊದಲು.

ವಾಪಸ್ ಬರುವಾಗ ಗಾಡಿ ನಿಲ್ಲಿಸಿ ಮೋರಿ ಮೇಲೆ ಕೂತೆ. ಅಳು ಬಂತು. ಅವರ ಆಸೆ ಮುರಿಯಬಾರದು ಅಂತ ಸುಮ್ಮನಿದ್ದೇನೆ ಅಂದುಕೊಂಡಿದ್ದೆ. ಸುಳ್ಳು. ನನಗೇ ಹೋಗಬೇಕು. ಬೆಳಗಾದರೆ ಹಾಲು, ಫ್ಯಾಟು, ಕ್ಯಾನು… ನನಗೂ ಸುಮ್ಮನೆ ಹೋಗುತ್ತಲೇ ಇರಬೇಕು. ಅದಕ್ಕಾಗಿ ಅವರ ಪ್ರಾಣವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಳ್ಳಲು ರೆಡಿಯಾಗಿದ್ದೇನೆ. ನಾಚಿಕೆಯಾಗುತ್ತದೆ.

ಜನವರಿ 9, ಶುಕ್ರವಾರ

ಬೆಂಗಳೂರು ಆಸ್ಪತ್ರೆ. ಡಾಕ್ಟರು ಕೇಳಿದರು, “ಮತ್ತೆ ಏನಾದರೂ ಆಯ್ತಾ?”

“ಏನಿಲ್ಲ ಸಾರ್. ಗುಂಡುಕಲ್ಲಿನಂಗಿವ್ನಿ” ಅಂದರು ಇವರು. ಹೊಸ ಶರ್ಟ್ ಹಾಕಿಕೊಂಡು ಬಂದಿದ್ದರು.

ಡಾಕ್ಟರು ನನ್ನ ಕಡೆ ತಿರುಗಿದರು. “ನೀವು ಹೇಳಿ ಅಮ್ಮ. ಎಷ್ಟೋ ಸಲ ಪೇಷಂಟಿಗೇ ಗೊತ್ತಾಗಲ್ಲ.”

ಹೇಳಿದೆ. ಅವರೆಕಾಯಿ, ಗಾಳಿ ಸುಲಿದದ್ದು, ಎಲ್ಲ. ಇವರ ಮುಖ ನೋಡಲಿಲ್ಲ.

ಅದೂ ಫಿಟ್ಸೇ ಅಂದರು. ಮಾತ್ರೆ ಹೆಚ್ಚಿಸಿದರು. ಬೈಕಿನ ಹಿಂದೆ ಕೂರುವುದಂತೂ ಬೇಡವೇ ಬೇಡ. “ಮಾರ್ಚ್ ತನಕ ನೋಡೋಣ. ಹೋಗಲೇಬೇಕು ಅಂದ್ರೆ ಬೆಲ್ಟ್ ಹಾಕ್ಕೊಂಡು ಕೂರೋ ಗಾಡೀಲಿ ಹೋಗಿ.”

ಬಸ್ಸು ಹತ್ತಿದರೆ ಯಾವಾಗಲೂ ಡ್ರೈವರ್ ಹತ್ತಿರದ ಸೀಟು. ಇವತ್ತು ಕೊನೆಯ ಸೀಟಿಗೆ ಹೋಗಿ ಕೂತರು. ಸೋಲೂರು ಬಂದಾಗ ಕಿಟಕಿ ಕಡೆ ನೋಡುತ್ತಲೇ ಕೇಳಿದರು.

“ಆವತ್ತು ನಾನು ಹೆಂಗಿದ್ದೆ?”

“ನನ್ನೇ ನೋಡ್ತಿದ್ರಿ.”

“ಮತ್ತೆ?”

“ನಾನ್ಯಾರು ಅಂತ ಗೊತ್ತಿರ್ಲಿಲ್ಲ ನಿಮ್ಗೆ.”

“ತಿಂಗಳಾಯ್ತಲ್ಲೇ ಪದ್ಮ. ಒಬ್ಳೇ ಇಟ್ಕೊಂಡಿದ್ಯಾ?” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಜನವರಿ 18

ಹೊರಡಬೇಕಿದ್ದ ದಿನ. ಹಾಲು ಅಳೆದೆ. ಬುಲೆಟ್ಟಿಗೆ ಟಾರ್ಪಾಲ್ ಹೊದಿಸಿದ್ದಾರೆ. ನನ್ನ ಜೊತೆ ಬೇಕಾದಷ್ಟೇ ಮಾತು — ಉಪ್ಪು, ನೀರು, ಮಾತ್ರೆ. “ನೀನೊಬ್ಳೇ ಹೋಗ್ಬುಟ್ ಬಾ, ಕಲ್ತಿದ್ದೀಯಲ್ಲ” ಅಂದರು. ಕೊಂಕಾ, ನಿಜವಾ, ಗೊತ್ತಾಗಲಿಲ್ಲ.

ಜನವರಿ 27

ಡೈರಿಯಿಂದ ಬಂದರೆ ಟಾರ್ಪಾಲ್ ಮಾತ್ರ ಇದೆ, ಬುಲೆಟ್ ಇಲ್ಲ! ಇವರೂ ಇಲ್ಲ! ಫೋನ್ ಮಾಡಿದರೆ ಎತ್ತುವುದಿಲ್ಲ. ಓಡಿಸಿಕೊಂಡು ಹೋದರೋ ಏನೋ. ಅತ್ತೆಗೂ ಹೇಳದೆ ಹೋಗಿದ್ದಾರೆ.

ಎರಡು ಗಂಟೆಗೆ ಇಸ್ರಾರ್ ಫೋನ್. “ಭಾಭಿ, ಗಾಡಿ ಟೆಂಪೋದಲ್ಲಿ ಬಂದೈತೆ, ಇವ್ನೂ ಟೆಂಪೋದಲ್ಲೇ ಬಂದವ್ನೆ. ಹೆದರ್ಕೋಬೇಡಿ. ಚನ್ನಪಟ್ಟಣದಲ್ಲಿ ಬೈಕ್ ಪಕ್ಕಕ್ಕೆ ಸೇರ್ಸೋ ಒಂದು ಹಳೇ ಸೈಡ್‌ಕಾರ್ ಸಿಕ್ತು. ಬೆಲ್ಟ್ ಕೂರಿಸ್ತಾ ಇದೀನಿ.”

ಫೋನ್ ಕಿತ್ತುಕೊಂಡು ಇವರು, “ಡಾಕ್ಟ್ರು ಏನಂದ್ರು? ಬೆಲ್ಟ್ ಇರೋ ಗಾಡಿ ಅಂದ್ರಾ ಇಲ್ವಾ?”

“ಅವ್ರು ಕಾರು ಅಂದಿದ್ದು ಕಣ್ರೀ!”

“ಇದ್ರಲ್ಲೂ ಕಾರು ಐತಲ್ಲ!”

ಸಿಟ್ಟಿನಲ್ಲಿ ಅಳುತ್ತಿದ್ದವಳು ನಕ್ಕುಬಿಟ್ಟೆ. ಡಾಕ್ಟರನ್ನ ಕೇಳದೆ ಒಂದು ಹೆಜ್ಜೆಯೂ ಇಲ್ಲ ಅಂದೆ. ಕೇಳಿದೆ. ಅವರು ಮಾರ್ಚ್ ತನಕ ಏನೂ ಆಗದಿದ್ದರೆ, ನಿಧಾನಕ್ಕೆ, ಗಂಟೆಗೊಂದು ಸಲ ನಿಲ್ಲಿಸಿಕೊಂಡು ಅಂದರು.

ಫೆಬ್ರವರಿ 15

ಸೈಡ್‌ಕಾರ್ ಹಾಕಿದ ಮೇಲೆ ಗಾಡಿ ಎಡಕ್ಕೇ ಎಳೆಯುತ್ತದೆ, ವಾಲುವುದೇ ಇಲ್ಲ. ಮೊದಲಿಂದ ಕಲಿಯಬೇಕು. ಆರ್‌ಟಿಒಗೆ ಓಡಾಡಿದ್ದಾಯಿತು. ಮೊದಲ ದಿನ ಇವರು ಅದರಲ್ಲಿ ಕೂತಾಗ ಬೀದಿಯೆಲ್ಲ ಹೊರಗೆ ಬಂತು. ಕುರಿ ಸಾಗಿಸುವಂತಿದೆ ಅಂದರು ಯಾರೋ. ಇವರು ತಲೆ ಬಗ್ಗಿಸಿದರು. ಅತ್ತೆ ಅಂಗಳಕ್ಕಿಳಿದು ಬೆಲ್ಟ್ ಎಳೆದು ನೋಡಿದರು. “ಬಿಗಿಯಾಗೈತೆ. ಹೋಗ್ಬುಟ್ ಬನ್ನಿ.”

ಮಾರ್ಚ್ 8, ಭಾನುವಾರ, ಬೆಳಿಗ್ಗೆ 9.30. ಶಿರಾ ದಾಟಿ, ಟೀ ಅಂಗಡಿ

ಹೊರಟೇಬಿಟ್ಟೆವು. ಡಿಸೆಂಬರಿನಿಂದ ಈಚೆಗೆ ಮತ್ತೇನೂ ಆಗಿಲ್ಲ, ಡಾಕ್ಟರೂ ಒಪ್ಪಿದರು. ಬರೆಯುವುದಕ್ಕೆ ಟೀ ಆರುವಷ್ಟು ಹೊತ್ತು.

ಬೆಳಿಗ್ಗೆ ಗೇಟು ದಾಟುವಾಗ ಒಪ್ಪಂದ ಮಾಡಿಕೊಂಡೆವು — ನಾನು ಹಾರ್ನ್ ಹೊಡೆದರೆ ಅವರು ಕೈ ಎತ್ತಬೇಕು. ಎತ್ತದಿದ್ದರೆ ಗಾಡಿ ನಿಲ್ಲುತ್ತದೆ. ತುಮಕೂರಿನ ತನಕ ಎಷ್ಟು ಹೊಡೆದೆನೋ, ಲೆಕ್ಕ ಇಲ್ಲ. ಪ್ರತಿ ಸಲವೂ ಎತ್ತಿದರು. ಆಮೇಲೆ ಒಂದು ಸಲ ಕೈ ಏಳಲಿಲ್ಲ. ಬ್ರೇಕ್ ಹಾಕಿ ಇಳಿದು ಆ ಬದಿಗೆ ಓಡಿದೆ. ನಿದ್ದೆ. ಬಾಯಿ ತೆರೆದುಕೊಂಡು ನಿದ್ದೆ! ಹೊಡೆದೇ ಎಬ್ಬಿಸಿದೆ. “ಡ್ರೈವರ್ರು ಗಾಡೀಲಿ ನಿದ್ದೆ ಮಾಡಿದ್ದು ಇದೇ ಮೊದ್ಲು ಕಣೇ” ಅಂದರು. ಕಣ್ಣು ಒದ್ದೆಯಾಗಿತ್ತು. ನನ್ನದೂ.

ಹೆದರಿಕೆ ಹೋಗಿಲ್ಲ. ನೇಪಾಳದ ತನಕ ಹೋಗುವುದೂ ಇಲ್ಲ, ನಿಲ್ಲಿಸಿ ನಿಲ್ಲಿಸಿ ಆದಷ್ಟು ದೂರ, ಅಷ್ಟೇ. ಈಗಲೂ ಎರಡು ಸಾಲಿಗೊಂದು ಸಲ ಗಾಡಿ ಕಡೆ ನೋಡುತ್ತಿದ್ದೇನೆ. ಸೈಡ್‌ಕಾರಿನಲ್ಲಿ ಇಲ್ಲ… ಎಲ್ಲಿ… ಓ, ಇಳಿದು ಬುಲೆಟ್ ಪಕ್ಕ ನಿಂತಿದ್ದಾರೆ. ನನ್ನ ಕಡೆಗೇ ನೋಡುತ್ತಿದ್ದಾರೆ. ಹಾರ್ನ್ ಹೊಡೆಯುತ್ತಿದ್ದಾರೆ, ನನಗೆ. ಮತ್ತೆ ಹೊಡೆದರು. ತಾಳಿ, ಕೈ ಎತ್ತುತ್ತೇ—